ಕಂತ್ರಿ ನಾಯಿಯ ವಂಶ ಹುಡುಕುವುದು: ಮನೆಯಲ್ಲೇ ಡಿಎನ್‌ಎ ಮಾದರಿ ತೆಗೆಯುವುದು, ವರದಿ ಓದುವುದು

ಕಿವಿ ನಿಮಿರಿದ್ದರೆ ಜರ್ಮನ್ ಶೆಫರ್ಡ್ ಕ್ರಾಸ್. ಕಪ್ಪು ಮೈ, ಹುಬ್ಬಿನ ಮೇಲೆ ಕಂದು ಬೊಟ್ಟು ಇದ್ದರೆ ಡಾಬರ್‌ಮನ್ ಕ್ರಾಸ್. ಕಪ್ಪಗಿದ್ದು ಕಿವಿ ಜೋಲುತ್ತಿದ್ದರೆ ಲ್ಯಾಬ್ರಡಾರ್ (ಲ್ಯಾಬ್) ಕ್ರಾಸ್. ಬೆಂಗಳೂರಿನ ಬಡಾವಣೆಯಲ್ಲಾಗಲಿ, ಅಮೆರಿಕದ ಶೆಲ್ಟರ್‌ನಲ್ಲಾಗಲಿ, ಕಂತ್ರಿ ನಾಯಿಯ ವಂಶ ಹೇಳುವವರ ಲೆಕ್ಕ ಇಷ್ಟೇ. ಈ ಲೆಕ್ಕ ಎಷ್ಟು ನಂಬಿಕೆಗೆ ಯೋಗ್ಯ ಎಂದು ಅರಿಜೋನಾ ಮತ್ತು ಸ್ಯಾನ್ ಡಿಯಾಗೋದ ಎರಡು ಶೆಲ್ಟರ್‌ಗಳಲ್ಲಿ 900ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ತೆಗೆದು ನೋಡಿದ್ದಾರೆ. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ದಿನವೂ ನಾಯಿಗಳ ನಡುವೆಯೇ ಇರುವ ಸಿಬ್ಬಂದಿ ಒಂದಾದರೂ ತಳಿಯನ್ನು ಸರಿಯಾಗಿ ಹೇಳಿದ್ದು ಸುಮಾರು 67% ಸಲ. ಒಂದಕ್ಕಿಂತ ಹೆಚ್ಚು ತಳಿ ಸರಿಯಾಗಿ ಹೇಳಿದ್ದು ಕೇವಲ 10% ಸಲ.

ಕಾರಣ ಸರಳ. ನಮ್ಮ ಕಣ್ಣು ಹಿಡಿಯುವ ಬಣ್ಣ, ಕೂದಲು, ಕಿವಿ, ಕಾಲಿನ ಉದ್ದ ಇವೆಲ್ಲ ಬೆರಳೆಣಿಕೆಯ ಜೀನ್‌ಗಳ ಕೆಲಸ. ಹಳದಿ ಲ್ಯಾಬ್ರಡಾರ್‌ಗೂ ಬೀದಿಯ ಕಂದು ನಾಯಿಗೂ ಹುಟ್ಟಿದ ಮರಿಗಳು ಅಚ್ಚ ಕಪ್ಪಗೆ ಹುಟ್ಟಬಹುದು. ಲ್ಯಾಬ್‌ನ ಮೈಯಲ್ಲಿ ಕಪ್ಪು ಮಾಡುವ ಜೀನ್ ಇದ್ದೇ ಇರುತ್ತದೆ. ಇನ್ನೊಂದು ಜೀನ್ ಅದನ್ನು ಮುಚ್ಚಿಟ್ಟಿರುವುದರಿಂದ ಅದು ಹಳದಿ ಕಾಣುತ್ತದೆ. ಒಂದೊಂದು ಜೀನ್‌ಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ಪ್ರತಿ (ನಕಲು) ಇರುತ್ತವೆ. ಬೀದಿ ನಾಯಿಯಿಂದ ಆ ಮುಚ್ಚಳ ತೆರೆಯುವ ಪ್ರತಿ ಸಿಕ್ಕ ಕೂಡಲೇ ಕಪ್ಪು ಹೊರಗೆ ಬರುತ್ತದೆ. ಹಾಗೆಯೇ ಗೋಲ್ಡನ್ ರಿಟ್ರೀವರ್‌ಗೂ ಲ್ಯಾಬ್‌ಗೂ ಹುಟ್ಟಿದ ಮರಿಗಳದ್ದು ಗಿಡ್ಡ ಕೂದಲು. ಅರ್ಧ ಗೋಲ್ಡನ್ ಆಗಿದ್ದರೂ ನೋಡಿದವರಿಗೆ ಅದರ ಸುಳಿವೇ ಸಿಗುವುದಿಲ್ಲ.

ಪರೀಕ್ಷೆ ನಿಜಕ್ಕೂ ಏನು ಮಾಡುತ್ತದೆ

ನಾಯಿಗೆ 39 ಜೋಡಿ ಕ್ರೋಮೋಸೋಮ್‌ಗಳು, ಅಂದರೆ ಡಿಎನ್‌ಎ ಸುತ್ತಿಟ್ಟ ಎಳೆಗಳು. ಟಾಶಾ ಎಂಬ ಬಾಕ್ಸರ್ ನಾಯಿಯ ಪೂರ್ಣ ಜೀನೋಮ್ (ಇಡೀ ಡಿಎನ್‌ಎಯ ನಕ್ಷೆ) 2005ರಲ್ಲಿ ಪ್ರಕಟವಾದ ಮೇಲೆ ಈ ಪರೀಕ್ಷೆಗಳಿಗೆ ದಾರಿಯಾಯಿತು. ಪ್ರಯೋಗಾಲಯ ನಿಮ್ಮ ನಾಯಿಯ ಇಡೀ ಡಿಎನ್‌ಎಯನ್ನು ಅಕ್ಷರ ಬಿಡದೆ ಓದುವುದಿಲ್ಲ. ನಾಯಿಯಿಂದ ನಾಯಿಗೆ ಬದಲಾಗುವ ಆಯ್ದ ಜಾಗಗಳನ್ನು ಮಾತ್ರ ಓದುತ್ತದೆ. ಎಂಬಾರ್ಕ್ ಕಂಪನಿಯ ಚಿಪ್ 2,30,000ಕ್ಕೂ ಹೆಚ್ಚು ಇಂಥ ಜಾಗ ನೋಡುತ್ತದೆ. ಓದಿದ್ದನ್ನು ಕಂಪನಿ ತನ್ನ ಬಳಿ ಇಟ್ಟುಕೊಂಡಿರುವ ಜಾತಿ ನಾಯಿಗಳ ಮಾದರಿಗಳ ಜೊತೆ ತುಂಡು ತುಂಡಾಗಿ ಹೋಲಿಸುತ್ತದೆ.

ಈ ಹೋಲಿಕೆ ಸಾಧ್ಯವಾಗುವುದು ತಳಿಗಳ ಇತಿಹಾಸದಿಂದ. ತಳಿಗಳನ್ನು ನೋಂದಾಯಿಸುವ ಲಂಡನ್ನಿನ ಕೆನಲ್ ಕ್ಲಬ್ ಶುರುವಾದದ್ದು 1873ರಲ್ಲಿ. ಆ ಕಾಲದಿಂದೀಚೆಗೆ ಒಂದೊಂದು ತಳಿಯನ್ನೂ ಅದರದೇ ನೋಂದಣಿ ಪುಸ್ತಕದೊಳಗೆ ಬೇಲಿ ಹಾಕಿದಂತೆ ಬೆಳೆಸಿದರು. ಒಳಗೊಳಗೇ ಕೂಡಿಸಿದ್ದರಿಂದ ಒಂದು ತಳಿಯ ನಾಯಿಗಳಲ್ಲಿ ಒಂದೇ ಥರದ ಉದ್ದುದ್ದ ಡಿಎನ್‌ಎ ತುಂಡುಗಳು ಉಳಿದುಕೊಂಡಿವೆ. ನಿಮ್ಮ ನಾಯಿಯಲ್ಲಿ ಅಂಥ ತುಂಡು ಸಿಕ್ಕರೆ ಅದು ಎಲ್ಲಿಂದ ಬಂತು ಎಂದು ಹೇಳಬಹುದು. ಬೇಲಿಯೊಳಗೆ ಎಂದೂ ಇರದ ನಮ್ಮ ಊರ ನಾಯಿಗಳ ವಿಷಯದಲ್ಲಿ ಇದೇ ತೊಡಕಾಗುತ್ತದೆ. ಆ ಮಾತು ಮುಂದೆ ಬರುತ್ತದೆ.

ಯಾವ ಕಿಟ್ ಕೊಳ್ಳಬೇಕು

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಂಬಾರ್ಕ್ ಮತ್ತು ವಿಸ್ಡಮ್ ಪ್ಯಾನೆಲ್. ಎರಡರ ಪಟ್ಟಿಯಲ್ಲೂ 350ಕ್ಕಿಂತ ಹೆಚ್ಚು ತಳಿಗಳಿವೆ. ತಳಿ ಮಾತ್ರ ಹೇಳುವ ಕಿಟ್‌ಗೆ ಸುಮಾರು 80ರಿಂದ 130 ಡಾಲರ್, ಆರೋಗ್ಯದ ಭಾಗವೂ ಸೇರಿದರೆ 150ರಿಂದ 200 ಡಾಲರ್. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಬೆಲೆ ಇಳಿಯುತ್ತದೆ, ಅವಸರ ಇಲ್ಲದಿದ್ದರೆ ಕಾಯಬಹುದು.

ಕೊಳ್ಳುವ ಮುನ್ನ ನೋಡಬೇಕಾದ್ದು ಮೂರು: ಎಷ್ಟು ತಳಿಗಳಿವೆ, ದಕ್ಷಿಣ ಏಷ್ಯಾದ ಊರ ನಾಯಿಗಳ ಮಾದರಿ ಪಟ್ಟಿಯಲ್ಲಿದೆಯೇ, ಔಷಧಕ್ಕೆ ಸಂಬಂಧಿಸಿದ ಎಂಡಿಆರ್1 ಜೀನ್ ಪರೀಕ್ಷೆ ಆ ಬೆಲೆಯಲ್ಲಿ ಸೇರಿದೆಯೇ. ಮೂರನೆಯದಿಲ್ಲದ ಕಿಟ್‌ಗೆ ದುಡ್ಡು ಹಾಕುವುದು ಅರ್ಧ ಕೆಲಸ ಮಾಡಿದಂತೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಭಾರತದಿಂದ ಮಾದರಿ ಕಳುಹಿಸುವವರು ಮೊದಲೇ ಕಂಪನಿಗೆ ಬರೆದು ಕೇಳಿಕೊಳ್ಳಿ. ಪೆಟ್ಟಿಗೆಯಲ್ಲಿ ಬರುವ ಅಮೆರಿಕದ ಪ್ರೀಪೇಯ್ಡ್ ಲಕೋಟೆ ನಮ್ಮ ಅಂಚೆಯಲ್ಲಿ ನಡೆಯುವುದಿಲ್ಲ. ಕೊರಿಯರ್‌ನವರು ಪ್ರಾಣಿಯ ಜೊಲ್ಲಿನ ಮಾದರಿ ಎಂದರೆ ಕಾಗದಪತ್ರ ಕೇಳಬಹುದು. ನೆಂಟರು ಅಮೆರಿಕದಿಂದ ಕಿಟ್ ತಂದುಕೊಟ್ಟ ಮೇಲೆ ಇದನ್ನೆಲ್ಲ ವಿಚಾರಿಸಲು ಹೊರಟರೆ ಕಿಟ್‌ನ ಅವಧಿ ಮುಗಿಯುವ ಸಂಭವವೇ ಹೆಚ್ಚು.

ಮಾದರಿ ತೆಗೆಯುವುದು

ಪ್ರಯೋಗಾಲಯಕ್ಕೆ ಬೇಕಿರುವುದು ಕೆನ್ನೆಯ ಒಳಪದರದ ಜೀವಕೋಶಗಳು. ಜೊಲ್ಲು ಅವುಗಳನ್ನು ಹೊತ್ತು ತರುವ ನೀರು ಅಷ್ಟೇ. ಸ್ವ್ಯಾಬ್ (ಕಿಟ್‌ನಲ್ಲಿ ಬರುವ, ಉಜ್ಜುವ ತುದಿಯ ಕಡ್ಡಿ) ಒದ್ದೆಯಾಯಿತು, ಮುಗಿಯಿತು ಎಂದುಕೊಂಡು ಬೇಗ ತೆಗೆದುಬಿಡುವುದು ಅತಿ ಸಾಮಾನ್ಯ ತಪ್ಪು. ಉಜ್ಜದಿದ್ದರೆ ಕೋಶ ಬರುವುದಿಲ್ಲ, ಮೂರು ವಾರ ಕಾದ ಮೇಲೆ "ಮಾದರಿ ಸಾಲದು" ಎಂಬ ಇಮೇಲ್ ಬರುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ, ತಿಂಡಿ ಹಾಕುವ ಮೊದಲು ಮಾಡುವುದು ಒಳ್ಳೆಯದು. ಅದಾಗದಿದ್ದರೆ ಊಟ, ಬಿಸ್ಕತ್ತು, ಅಗಿಯುವ ಮೂಳೆ ಯಾವುದೂ ಇಲ್ಲದೆ ಒಂದು ಗಂಟೆ ಕಳೆದಿರಲಿ. ಬಾಯಲ್ಲಿ ಕೋಳಿಯ ಚೂರು ಉಳಿದಿದ್ದರೆ ಕೋಳಿಯ ಡಿಎನ್‌ಎಯೂ ಅದರೊಟ್ಟಿಗೆ ಬರುತ್ತದೆ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅಷ್ಟು ಹೊತ್ತೂ ಬೇರೆ ಕೋಣೆಯಲ್ಲಿರಲಿ. ಒಂದೇ ಬಟ್ಟಲಿನ ನೀರು, ಒಂದೇ ಚೆಂಡು, ಒಂದರ ಬಾಯಿ ಇನ್ನೊಂದು ನೆಕ್ಕುವುದು ಇವುಗಳಿಂದ ಎರಡರ ಕೋಶಗಳೂ ಬೆರೆಯುತ್ತವೆ. ಹಾಲು ಕುಡಿಯುವ ಮರಿಯ ಬಾಯಲ್ಲಿ ತಾಯಿಯ ಕೋಶಗಳಿರುತ್ತವೆ. ಹಾಲು ಬಿಡಿಸಿದ ಮೇಲೆಯೇ ತೆಗೆಯಿರಿ.

ಸ್ವ್ಯಾಬ್ ಬಿಚ್ಚುವ ಮೊದಲು ಕಿಟ್‌ನ ಕೋಡ್ ಅನ್ನು ಕಂಪನಿಯ ಸೈಟ್‌ನಲ್ಲಿ ನಾಯಿಯ ಹೆಸರಿಗೆ ನೋಂದಾಯಿಸಿ, ಕೊಳವೆಯ ಮೇಲಿನ ಕೋಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ನೋಂದಾಯಿಸದೆ ಪೋಸ್ಟ್ ಮಾಡಿದರೆ ಆ ಮಾದರಿ ಯಾರದ್ದೆಂದು ಪ್ರಯೋಗಾಲಯಕ್ಕೆ ತಿಳಿಯುವುದಿಲ್ಲ. ಎರಡು ನಾಯಿಗಳಿದ್ದರೆ ಎರಡು ಬೇರೆ ದಿನ ಮಾಡಿ. ಒಂದೇ ಮೇಜಿನ ಮೇಲೆ ಎರಡು ಕಿಟ್ ಬಿಚ್ಚಬೇಡಿ.

ಇನ್ನು ಕೈಕೆಲಸ. ಸಾಬೂನಿನಿಂದ ಕೈ ತೊಳೆದು ಒರೆಸಿಕೊಳ್ಳಿ. ಚಿಕ್ಕ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ದೊಡ್ಡದನ್ನು ಗೋಡೆಯ ಮೂಲೆಗೆ ಬೆನ್ನು ಕೊಟ್ಟು ಕೂರಿಸಿ ನೀವು ಪಕ್ಕದಲ್ಲಿ ಮಂಡಿಯೂರಿ. ಎದುರಿಗೆ ಬಗ್ಗಿ ನಿಂತರೆ ನಾಯಿ ತಲೆ ಹಿಂದಕ್ಕೆಳೆಯುತ್ತದೆ. ಒಂದು ತುಣುಕು ಚೀಸ್ ಅಥವಾ ಬಿಸ್ಕತ್ತನ್ನು ಮೂಗಿನ ಮುಂದೆ ಹಿಡಿದು ಮೂಸಲು ಬಿಡಿ, ಕೊಡಬೇಡಿ. ಅರ್ಧ ನಿಮಿಷದಲ್ಲಿ ಜೊಲ್ಲೂರುತ್ತದೆ. ನಾಯಿಯ ಬಾಯಿ ಅಗಲಿಸುವ ಅಗತ್ಯವಿಲ್ಲ. ಎಡಗೈಯ ಹೆಬ್ಬೆರಳಿನಿಂದ ತುಟಿಯ ಅಂಚನ್ನು ಮೇಲಕ್ಕೆತ್ತಿ, ಹಲ್ಲು ಮುಚ್ಚಿದ್ದಂತೆಯೇ ಸ್ವ್ಯಾಬನ್ನು ಕೆನ್ನೆಗೂ ಒಸಡಿಗೂ ನಡುವೆ ಹಿಂದಕ್ಕೆ ಸರಿಸಿ. ಹೊರಗಿನಿಂದ ಕೆನ್ನೆ ಉಬ್ಬಿ ಕಾಣುವಷ್ಟು ಒತ್ತಿ, ಕಡ್ಡಿಯನ್ನು ಬೆರಳ ನಡುವೆ ತಿರುಗಿಸುತ್ತ ಹಿಂದೆ ಮುಂದೆ ಉಜ್ಜಿ.

ಇಲ್ಲಿಂದ ಮುಂದೆ ಕಿಟ್ ಎರಡು ಬಗೆ. ದ್ರವ ತುಂಬಿದ ಕೊಳವೆ ಇರುವ ಕಿಟ್‌ನಲ್ಲಿ ಒಂದೇ ಸ್ವ್ಯಾಬ್. 30ರಿಂದ 60 ಸೆಕೆಂಡ್ ಉಜ್ಜಬೇಕು, ನಾಲಿಗೆಯ ಕೆಳಗೂ ಆಡಿಸಬೇಕು. ಗಡಿಯಾರ ನೋಡಲು ಕೈ ಬಿಡುವಿರುವುದಿಲ್ಲ, ಬಾಯಲ್ಲಿ ಎಣಿಸಿ; ಗಾಬರಿಯಲ್ಲಿ ಎಣಿಕೆ ಓಡುವುದರಿಂದ 60ರ ಬದಲು 80ರವರೆಗೆ ಎಣಿಸಿದರೆ ಕ್ಷೇಮ. ನಂತರ ಸ್ವ್ಯಾಬಿನ ತುದಿ ದ್ರವದಲ್ಲಿ ಮುಳುಗುವಂತೆ ಇಟ್ಟು, ಮುಚ್ಚಳ ಬಿಗಿದು, ಹತ್ತು ಸಲ ಚೆನ್ನಾಗಿ ಅಲುಗಾಡಿಸಿ. ಈ ದ್ರವವೇ ಡಿಎನ್‌ಎ ಕೆಡದಂತೆ ಕಾಯುವುದು. ಚೆಲ್ಲಿಹೋದರೆ ನೀರು ಹಾಕಬೇಡಿ, ಬೇರೆ ಕಿಟ್ ಕೇಳಿ.

ಕುಂಚದಂಥ ಒಣ ಸ್ವ್ಯಾಬ್ ಎರಡು ಬರುವ ಕಿಟ್‌ನಲ್ಲಿ ಒಂದೊಂದನ್ನೂ ಕನಿಷ್ಠ 15 ಸೆಕೆಂಡ್, ಎರಡು ಕೆನ್ನೆಗೂ ಉಜ್ಜಿ, ಪೆಟ್ಟಿಗೆಯಲ್ಲೇ ಇರುವ ತೂತುಗಳಲ್ಲಿ ಸಿಕ್ಕಿಸಿ ಐದು ನಿಮಿಷವಾದರೂ ಒಣಗಿಸಬೇಕು. ತೇವ ಉಳಿದರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದು ಡಿಎನ್‌ಎಯನ್ನು ತಿಂದುಹಾಕುತ್ತವೆ. ಮಳೆಗಾಲದಲ್ಲಿ ಇನ್ನಷ್ಟು ಹೊತ್ತು ಬಿಡಿ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಎರಡು ಬಗೆಯಲ್ಲೂ ತುದಿಯನ್ನು ಬೆರಳಿನಿಂದ ಮುಟ್ಟಬಾರದು, ಊದಬಾರದು. ಸೆಕೆಂಡ್‌ಗಳ ಲೆಕ್ಕ ನಿಮ್ಮ ಪೆಟ್ಟಿಗೆಯ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯದ್ದನ್ನೇ ಪಾಲಿಸಿ.

ಮೂತಿ ಮುಟ್ಟಿದರೆ ಗುರ್ ಎನ್ನುವ ನಾಯಿಯೊಡನೆ ಬಲವಂತ ಬೇಡ. ಮೂರ್ನಾಲ್ಕು ದಿನ ತುಟಿ ಎತ್ತುವುದು, ಬಿಡುವುದು, ಬಹುಮಾನ ಕೊಡುವುದು ಇಷ್ಟನ್ನೇ ಅಭ್ಯಾಸ ಮಾಡಿಸಿ. ಆಗಲೂ ಒಪ್ಪದಿದ್ದರೆ ಮುಂದಿನ ಲಸಿಕೆಯ ದಿನ ಕಿಟ್ ಒಯ್ದು ಪಶುವೈದ್ಯರ ಕೈಯಲ್ಲಿ ತೆಗೆಸಿ. ನಾಯಿ ಸ್ವ್ಯಾಬಿನ ತುದಿ ಕಚ್ಚಿ ನುಂಗಿದರೆ ಮೊದಲು ವೈದ್ಯರಿಗೆ ಫೋನ್.

ಅದೇ ದಿನ ಅಥವಾ ಮರುದಿನ ಪೋಸ್ಟ್ ಮಾಡಿ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. ಪ್ರಯೋಗಾಲಯಕ್ಕೆ ತಲುಪಿದ ಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ವರದಿ ಬರುತ್ತದೆ.

ವರದಿ ಓದುವುದು

ತಳಿಯ ಹೆಸರಿಗೆ ಹೋಗುವ ಮೊದಲು ಗಂಡೋ ಹೆಣ್ಣೋ ಎಂಬುದನ್ನು ನೋಡಿ. ಇದನ್ನು ಪ್ರಯೋಗಾಲಯ ಡಿಎನ್‌ಎಯಿಂದಲೇ ತಿಳಿಯುತ್ತದೆ. ನಿಮ್ಮದು ಗಂಡಾಗಿದ್ದು ವರದಿ ಹೆಣ್ಣು ಎಂದರೆ ಮಾದರಿ ಅದಲುಬದಲಾಗಿದೆ, ಉಳಿದದ್ದನ್ನು ಓದುವುದೇ ಬೇಡ. ಆಮೇಲೆ ಬಣ್ಣ, ಕೂದಲಿನ ಉದ್ದದ ಭಾಗ ತೆರೆದು ಎದುರಿಗೆ ಮಲಗಿರುವ ನಾಯಿಯೊಡನೆ ತಾಳೆ ನೋಡಿ. ಮೈ ತುಂಬ ಉದ್ದ ಕೂದಲಿರುವ ನಾಯಿಗೆ ಗಿಡ್ಡ ಕೂದಲಿನ ಜೀನ್ ಎರಡು ಪ್ರತಿ ಎಂದು ಬಂದಿದ್ದರೆ ಕಂಪನಿಗೆ ಬರೆದು ಕೇಳಿ.

ಇನ್ನು ಶೇಕಡಾವಾರು. ಮರಿಗೆ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಇದು ಪಕ್ಕಾ. ಅಜ್ಜ ಅಜ್ಜಿಯರಿಂದ 25% ಎನ್ನುವುದು ಸರಾಸರಿ ಮಾತ್ರ. ಪ್ರತಿ ಪೀಳಿಗೆಯಲ್ಲೂ ಇಸ್ಪೀಟು ಕಲಸಿದಂತೆ ಡಿಎನ್‌ಎ ಕಲಸಿ ಹಂಚಲ್ಪಡುತ್ತದೆ. ಮುತ್ತಜ್ಜನ ಪಾಲು ಸರಾಸರಿ 12.5%, ಅದು ಇನ್ನೂ ಹೆಚ್ಚು ಏರಿಳಿಯುತ್ತದೆ. ಆದ್ದರಿಂದ ವರದಿಯಲ್ಲಿ ಬೀಗಲ್ 14% ಎಂದಿದ್ದರೆ ಒಬ್ಬ ಮುತ್ತಾತ ಪೂರ್ತಿ ಬೀಗಲ್ ಇದ್ದಿರಬಹುದು, ಇಲ್ಲವೇ ಇಬ್ಬರು ಅರ್ಧರ್ಧ ಬೀಗಲ್ ಇದ್ದಿರಬಹುದು. ಸಂಖ್ಯೆಯೊಂದರಿಂದಲೇ ಇದನ್ನು ಬಿಡಿಸಲಾಗದು. ಸುಮಾರು 5%ಕ್ಕಿಂತ ಕಡಿಮೆ ಇರುವ ತಳಿಗಳ ಮೇಲೆ ಕಥೆ ಕಟ್ಟಬೇಡಿ. ಅಷ್ಟು ಚಿಕ್ಕ ತುಂಡುಗಳು ಹತ್ತಿರದ ಸಂಬಂಧಿ ತಳಿಗಳ ನಡುವೆ ಸುಲಭವಾಗಿ ಹೆಸರು ಬದಲಿಸಿಕೊಳ್ಳುತ್ತವೆ. ಎಂಬಾರ್ಕ್ ಇಂಥ ಪುಡಿ ತುಂಡುಗಳನ್ನು "ಸೂಪರ್‌ಮಟ್" ಎಂದು ಒಂದೇ ಬುಟ್ಟಿಗೆ ಹಾಕುತ್ತದೆ. ಅದೇ ಪ್ರಾಮಾಣಿಕ ಕ್ರಮ.

ಸಂಖ್ಯೆಗಿಂತ ಹೆಚ್ಚು ಹೇಳುವುದು ಕ್ರೋಮೋಸೋಮ್ ಚಿತ್ರ. ಲೈಂಗಿಕ ಕ್ರೋಮೋಸೋಮ್ ಬಿಟ್ಟು ಉಳಿದ 38 ಜೋಡಿಗಳನ್ನು ಎರಡೆರಡು ಪಟ್ಟಿಗಳಾಗಿ ಬರೆದು, ತಳಿಗೊಂದು ಬಣ್ಣ ತುಂಬಿರುತ್ತಾರೆ. ಪ್ರತಿ ಜೋಡಿಯಲ್ಲೂ ಒಂದು ಪಟ್ಟಿ ತುದಿಯಿಂದ ತುದಿಗೆ ಒಂದೇ ಬಣ್ಣ, ಇನ್ನೊಂದು ತೇಪೆ ತೇಪೆ ಎಂದಿದ್ದರೆ ತಂದೆ ತಾಯಿಯರಲ್ಲಿ ಒಬ್ಬರು ಅಪ್ಪಟ ಜಾತಿ ನಾಯಿ, ಇನ್ನೊಬ್ಬರು ಮಿಶ್ರ. ಎಲ್ಲ ಜೋಡಿಯಲ್ಲೂ ಒಂದು ಪೂರ್ತಿ ಲ್ಯಾಬ್, ಇನ್ನೊಂದು ಪೂರ್ತಿ ಪೂಡಲ್ ಆದರೆ ಅದು ಮೊದಲ ಪೀಳಿಗೆಯ ಮಿಶ್ರಣ. ಒಟ್ಟು ಲೆಕ್ಕ 50-50 ಇದ್ದೂ ಎರಡು ಪಟ್ಟಿಗಳಲ್ಲೂ ಎರಡೂ ಬಣ್ಣ ಬೆರೆತಿದ್ದರೆ ತಂದೆ ತಾಯಿ ಇಬ್ಬರೂ ಆಗಲೇ ಮಿಶ್ರ. ಒಂದೇ ಜಾಗದಲ್ಲಿ ಎರಡು ಪಟ್ಟಿಗೂ ಒಂದೇ ಬಣ್ಣ ಬಂದರೆ ಆ ತಳಿ ಇಬ್ಬರ ಕಡೆಯಿಂದಲೂ ಬಂದಿದೆ. ಮೇಲಿನದು ತಾಯಿ, ಕೆಳಗಿನದು ತಂದೆ ಎಂದು ಮಾತ್ರ ಓದಬೇಡಿ. ಜೋಡಿಯಿಂದ ಜೋಡಿಗೆ ಅದು ಬದಲಾಗಬಹುದು.

ಒಂದೇ ಹೆರಿಗೆಯ ಎರಡು ಮರಿಗಳ ವರದಿ ಬೇರೆ ಬೇರೆ ಬಂದರೆ ಗಾಬರಿ ಬೇಡ. ಬೆದೆಗೆ ಬಂದ ಹೆಣ್ಣು ನಾಯಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಿದರೆ ಒಂದೇ ಹೆರಿಗೆಯ ಮರಿಗಳಿಗೆ ತಂದೆ ಬೇರೆ ಬೇರೆ ಇರಬಹುದು.

ನಮ್ಮ ಊರ ನಾಯಿಗಳು, ಮುಧೋಳ

ಬೆಂಗಳೂರಿನಿಂದ ದತ್ತು ಪಡೆದು ವಿದೇಶಕ್ಕೆ ಕರೆದೊಯ್ದ ನಾಯಿಗಳ ವರದಿ ನೋಡಿ ತಲೆ ಕೆಡಿಸಿಕೊಳ್ಳುವವರು ಬಹಳ. ನಮ್ಮ ಬೀದಿ ನಾಯಿ ನಾಲ್ಕಾರು ವಿದೇಶಿ ತಳಿಗಳ ಕಲಬೆರಕೆ ಎಂಬುದು ತಪ್ಪು ಗ್ರಹಿಕೆ. ಇವು ತಳಿ ಎಂಬ ಬೇಲಿ ಹುಟ್ಟುವುದಕ್ಕೆ ಬಹಳ ಮುಂಚಿನಿಂದ ಊರಿನ ಜೊತೆ ಬದುಕಿ ಬಂದ ಸಂತತಿ. ದಕ್ಷಿಣ ಏಷ್ಯಾದ ಊರ ನಾಯಿ ಎಂಬ ವರ್ಗ ಪಟ್ಟಿಯಲ್ಲಿರುವ ಪರೀಕ್ಷೆ ಅದನ್ನು ಅದೇ ಹೆಸರಿನಿಂದ ಗುರುತಿಸುತ್ತದೆ. ಆ ವರ್ಗವಿಲ್ಲದ ಪರೀಕ್ಷೆಯಲ್ಲಿ ಕಂಪ್ಯೂಟರ್ ಪ್ರತಿ ತುಂಡಿಗೂ ಇರುವ ಹೆಸರುಗಳಲ್ಲೇ ಯಾವುದಾದರೊಂದನ್ನು ಅಂಟಿಸಬೇಕಾಗುತ್ತದೆ. ಆಗ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ತಳಿಗಳು ಚೂರು ಚೂರಾಗಿ ಬರುತ್ತವೆ. ಹುಟ್ಟಿದ ಊರಲ್ಲಿ ಕಂಡೇ ಇರದ ತಳಿಗಳ ಇಂಥ ಪಟ್ಟಿ ಬಂದರೆ ಪರೀಕ್ಷೆಯ ಪಟ್ಟಿ ಚಿಕ್ಕದು ಎಂದು ತಿಳಿಯಿರಿ.

ಮುಧೋಳ ನಾಯಿಯ ವಿಷಯವೂ ಹೀಗೆಯೇ. ಬಾಗಲಕೋಟೆ ಜಿಲ್ಲೆಯ ಈ ಬೇಟೆ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂದಿದೆ, ಮುಧೋಳದ ಬಳಿ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ, ಮಹಾರಾಷ್ಟ್ರದ ಕಡೆ ಇದನ್ನೇ ಕಾರವಾನಿ ಎನ್ನುತ್ತಾರೆ. ಆದರೆ ಕಂಪನಿಯ ಪಟ್ಟಿಯಲ್ಲಿ ಮುಧೋಳದ ಮಾದರಿ ಇಲ್ಲದಿದ್ದರೆ ನಿಮ್ಮ ನಾಯಿ ಅಪ್ಪಟ ಮುಧೋಳವಾಗಿದ್ದರೂ ಆ ಹೆಸರು ವರದಿಯಲ್ಲಿ ಬರಲು ಸಾಧ್ಯವಿಲ್ಲ. ಕೊಳ್ಳುವ ಮೊದಲು ತಳಿಪಟ್ಟಿ ತೆರೆದು ಹೆಸರು ಹುಡುಕಿ. ಕಾರವಾನ್ ಹೌಂಡ್ ಎಂಬ ಹೆಸರಿನಲ್ಲೂ ನೋಡಿ.

ಆರೋಗ್ಯದ ಪುಟ

ಇಡೀ ವರದಿಯಲ್ಲಿ ಪ್ರಾಣ ಉಳಿಸಬಲ್ಲ ಸಾಲು ಎಂಡಿಆರ್1ರದ್ದು. ಮಿದುಳಿಗೆ ಕೆಲವು ಔಷಧಗಳು ನುಗ್ಗದಂತೆ ಹೊರದಬ್ಬುವ ಪಂಪ್ ಒಂದನ್ನು ಈ ಜೀನ್ ಕಟ್ಟುತ್ತದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಟ್ರಿನಾ ಮೀಲಿ ಮತ್ತು ಸಂಗಡಿಗರು 2001ರಲ್ಲಿ ಈ ಜೀನ್‌ನ ದೋಷವನ್ನು ಕಾಲಿ (Collie) ಎಂಬ ಕುರಿ ಕಾಯುವ ತಳಿಯ ನಾಯಿಗಳಲ್ಲಿ ಗುರುತಿಸಿದರು. ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್ ತಳಿಗಳಲ್ಲೂ, ಅವುಗಳ ರಕ್ತ ಬೆರೆತ ನಾಯಿಗಳಲ್ಲೂ ಇದೆ. ನಮ್ಮಲ್ಲಿ ಕಜ್ಜಿಗೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಹಾಕಿಸುವುದು ರೂಢಿ. ದೋಷವಿರುವ ನಾಯಿಗೆ ಆ ಪ್ರಮಾಣ ಬಿದ್ದರೆ ತೂರಾಡುತ್ತದೆ, ಕಣ್ಣು ಕಾಣದಾಗುತ್ತದೆ, ಕೋಮಾಕ್ಕೂ ಹೋಗಬಹುದು. ಹೃದಯದ ಹುಳು ಬಾರದಂತೆ ತಿಂಗಳಿಗೊಮ್ಮೆ ಕೊಡುವ ಸಣ್ಣ ಪ್ರಮಾಣದಲ್ಲಿ ಈ ಅಪಾಯವಿಲ್ಲ. ಕಜ್ಜಿಯ ದೊಡ್ಡ ಪ್ರಮಾಣದಲ್ಲಿ ಇದೆ. ಭೇದಿಯಾದಾಗ ಮನೆಯ ಡಬ್ಬಿಯಿಂದ ತೆಗೆದುಕೊಡುವ ಲೋಪೆರಮೈಡ್ ಮಾತ್ರೆಯೂ, ಅರಿವಳಿಕೆಗೆ ಮುನ್ನ ಕೊಡುವ ಏಸ್‌ಪ್ರೊಮಜೀನ್, ಕ್ಯಾನ್ಸರ್‌ನ ವಿನ್‌ಕ್ರಿಸ್ಟೀನ್ ಕೂಡ ಇದೇ ಗುಂಪಿನವು. ಒಂದು ಪ್ರತಿ ದೋಷ ಬಂದರೂ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ಆ ಪುಟ ತೋರಿಸಿ.

ಎರಡನೆಯದು, ಗಿಡ್ಡ ಕಾಲಿನ ನಾಯಿಗಳಲ್ಲಿ ಬೆನ್ನುಹುರಿಯ ಡಿಸ್ಕ್ ಬೇಗ ಗಟ್ಟಿಯಾಗುವ ಜೀನ್. ಒಂದೇ ಪ್ರತಿ ಇದ್ದರೂ ಅಪಾಯ ಹೆಚ್ಚು. ಅಂಥ ನಾಯಿಯ ತೂಕ ಏರದಂತೆ ನೋಡಿಕೊಳ್ಳಿ, ಸೋಫಾ ಮತ್ತು ಮಂಚದಿಂದ ಜಿಗಿಯಲು ಬಿಡಬೇಡಿ. ಹಿಂಗಾಲು ಎಳೆಯಲು ಶುರುವಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ವಯಸ್ಸಾದ ಮೇಲೆ ಬೆನ್ನುಹುರಿ ಸವೆಯುವ ಕಾಯಿಲೆಯ ಸಾಲಿನಲ್ಲಿ "ಎರಡು ಪ್ರತಿ" ಎಂದು ಬಂದರೆ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ. ಎರಡು ಪ್ರತಿ ಇದ್ದೂ ಚೆನ್ನಾಗಿ ಬಾಳಿದ ನಾಯಿಗಳು ಎಷ್ಟೋ ಇವೆ. ಸೊಂಟದ ಕೀಲಿನ ತೊಂದರೆಗೆ ಈ ವರದಿಯಿಂದ ಉತ್ತರ ಸಿಗದು. ಅದು ಹಲವು ಜೀನ್, ತೂಕ, ಬೆಳವಣಿಗೆ ಎಲ್ಲ ಸೇರಿ ಆಗುವಂಥದ್ದು, ಎಕ್ಸ್‌ರೇ ಬೇಕು.

ಮರಿ ಎಷ್ಟು ದೊಡ್ಡದಾಗಬಹುದು ಎಂಬ ಅಂದಾಜು ಇನ್ನೊಂದು ಉಪಯುಕ್ತ ಸಾಲು. ಮೈಗಾತ್ರದ ಜೀನ್‌ಗಳು ನಾಯಿಗಳಲ್ಲಿ ಚೆನ್ನಾಗಿ ತಿಳಿದಿರುವುದರಿಂದ ಊಟದ ಪ್ರಮಾಣ, ಬೋನಿನ ಅಳತೆ, ಬಾಡಿಗೆ ಮನೆಯ ತೂಕದ ಮಿತಿ ಇವಕ್ಕೆ ಇದನ್ನು ನೆಚ್ಚಬಹುದು.

ಸ್ವಭಾವಕ್ಕೆ ಮಾತ್ರ ನೆಚ್ಚಬೇಡಿ. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಯಿಯಿಂದ ನಾಯಿಗೆ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಎಂದು ಕಂಡಿತು. ಪಿಟ್‌ಬುಲ್ 22% ಎಂದು ವರದಿ ಬಂದ ದಿನದಿಂದ ಮಕ್ಕಳ ಜೊತೆ ಆಡಿಕೊಂಡಿದ್ದ ನಾಯಿಯನ್ನು ಕಟ್ಟಿಹಾಕುವುದು ಅದಕ್ಕೆ ಮಾಡುವ ಅನ್ಯಾಯ.

ಕಾನೂನಿನ ಮಾತು ಬಂದರೆ ದೇಶ ನೋಡಿ ಮುಂದುವರಿಯಿರಿ. ಬ್ರಿಟನ್ನಿನಲ್ಲಿ ನಿಷೇಧಿತ ಬಗೆಯ ನಾಯಿ ಹೌದೋ ಅಲ್ಲವೋ ಎಂಬುದನ್ನು ಅಳತೆ, ರೂಪ ನೋಡಿ ತೀರ್ಮಾನಿಸುತ್ತಾರೆ. ಡಿಎನ್‌ಎ ವರದಿ ಅಲ್ಲಿ ಲೆಕ್ಕಕ್ಕಿಲ್ಲ. ಎಕ್ಸ್‌ಎಲ್ ಬುಲ್ಲಿ ಎಂಬ ದೊಡ್ಡ ಮೈಯ ನಾಯಿಗೂ ಇದೇ ನಿಯಮ. ಅಮೆರಿಕದಲ್ಲಿ ಬಾಡಿಗೆ ಮನೆ, ವಿಮಾ ಕಂಪನಿಗಳು ತಮ್ಮದೇ ತಳಿಪಟ್ಟಿ ಇಟ್ಟುಕೊಂಡಿರುತ್ತವೆ, ವರದಿ ಕೊಡುವ ಮೊದಲು ಕರಾರು ಓದಿ. ಭಾರತದಲ್ಲಿ 23 ತಳಿಗಳನ್ನೂ ಅವುಗಳ ಮಿಶ್ರಣಗಳನ್ನೂ ತಡೆಯಬೇಕೆಂದು ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು.

ವರದಿ ಬಂದ ಮೇಲೆ ಕಚ್ಚಾ ದತ್ತಾಂಶದ ಕಡತ ಇಳಿಸಿಕೊಳ್ಳಲು ಅವಕಾಶವಿದ್ದರೆ ಇಳಿಸಿಟ್ಟುಕೊಳ್ಳಿ. ಎಂಡಿಆರ್1 ಪುಟವನ್ನು ಮುದ್ರಿಸಿ ಲಸಿಕೆ ಪುಸ್ತಕದ ರಕ್ಷಾಪುಟದ ಒಳಬದಿಗೆ ಅಂಟಿಸಿ. ರಾತ್ರಿ ಹೊತ್ತು ಗುರುತಿಲ್ಲದ ಆಸ್ಪತ್ರೆಗೆ ಓಡಬೇಕಾದಾಗ ಕೈಗೆ ಸಿಗುವುದು ಆ ಪುಸ್ತಕವೇ.